ಹಾಸಿನ ತುದಿಗೆ ಹಾಕಿದ ಕತ್ತರಿ

ಒಂದೇ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ನನ್ನ ಬೆನ್ನಿಗೆ ನಾಲ್ಕು ಏಟು ಬೀಳುತ್ತಿದ್ದವು, ಒಂದು ಹೊತ್ತಿನ ಊಟ ತಪ್ಪುತ್ತಿತ್ತು, ಅಷ್ಟೇ. ಹೇಳದೆ ಉಳಿದದ್ದಕ್ಕೆ ನನ್ನ ಅಕ್ಕನ ಬಾಳುವೆ ಬೇರೆಯೇ ದಾರಿಗೆ ಬಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆಯೋಣವೆಂದರೆ ಮತ್ತೆ ಬಾಯಿ ಕಟ್ಟುತ್ತದೆಂದು ನನಗೆ ಗೊತ್ತು.

ಈ ಬೇಸಿಗೆಯಲ್ಲಿ ಮೊಮ್ಮಗಳು ಸಾಲೆಯ ಸೂಟಿಗೆ ಬಂದಿದ್ದಾಳೆ. ಮೊನ್ನೆ ಮಧ್ಯಾಹ್ನ ಒಳಕಲ್ಲಿಗೆ ಹುಣಸೆಹಣ್ಣು, ಬೆಲ್ಲ, ಹುರಿದ ಜೀರಿಗೆ, ಒಣಮೆಣಸಿನಕಾಯಿ, ಉಪ್ಪು ಹಾಕಿಕೊಂಡು ಕುಟ್ಟತೊಡಗಿದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಬಾಯಲ್ಲಿ ನೀರು ಬಂತು, ಹಿಂದೆಯೇ ಕಣ್ಣಲ್ಲೂ ಬಂತು.

“ಆಯಿ, ಚಿಗಳಿ ಕಡ್ಡಿಗೆ ನಿಂದ್ರವಲ್ದು. ಏನ ಮಾಡ್ಲಿ?” ಎಂದು ಕೇಳಿದಳು.

“ನನಗ ಗೊತ್ತಿಲ್ಲ” ಎಂದೆ.

ಗೊತ್ತಿಲ್ಲದೆ ಏನು? ಹುಣಸೆಹಣ್ಣಿಗೆ ನೀರು ಮುಟ್ಟಿಸಬಾರದು. ಇದನ್ನು ನನಗೆ ಕಲಿಸಿದವಳು ಅಕ್ಕ. ಆಕೆಯ ಹೆಸರೆತ್ತಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆಂದು ಈ ವಯಸ್ಸಿನಲ್ಲೂ ನನ್ನ ನಾಲಿಗೆ ಹಿಂದೆ ಸರಿಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಅದಕ್ಕೇ ಬರೆಯಲು ಕುಳಿತಿದ್ದೇನೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಬರಹ ಅಷ್ಟಕ್ಕಷ್ಟೇ.

ನಮ್ಮದು ಬನಹಟ್ಟಿ. ಆಗ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದು. ಓಣಿಯಲ್ಲಿ ಮನೆಗೊಂದು ಕೈಮಗ್ಗ. ನಮ್ಮ ಅಪ್ಪ ಪಡಸಾಲೆಯ ಬದಿಯ ಕೋಣೆಯಲ್ಲಿ ನೆಲದ ತೆಗ್ಗಿಗೆ ಕಾಲು ಇಳಿಬಿಟ್ಟುಕೊಂಡು ಕೆಂಪು ದಡಿಯ ಸೀರೆ ನೇಯುತ್ತಿದ್ದ. ಅವ್ವ ರಾಟಿಯಲ್ಲಿ ನೂಲು ಸುತ್ತುತ್ತಿದ್ದಳು. ನನ್ನನ್ನು ಸಾಲೆ ಬಿಡಿಸಿದ್ದೂ ಅದೇ ಕೆಲಸಕ್ಕೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಾದ ಅಕ್ಕನನ್ನು ಹೊಳೆದಂಡೆಯ ಗಲಗಲಿಗೆ ಕೊಟ್ಟಿದ್ದರು.

ಆ ವರ್ಷ ಹೋಳಿಹುಣ್ಣಿಮೆ ಮುಗಿದ ಮೇಲೆ ಅಕ್ಕನನ್ನು ಅತ್ತೆಮನೆಯವರು ತವರಿಗೆ ಕಳಿಸಿದರು. ಬೇಸಿಗೆಗೆ ಬಂದಿದ್ದಾಳೆಂದು ಅವ್ವ ಓಣಿಯಲ್ಲಿ ಹೇಳಿಕೊಂಡು ಬಂದಳು. ಖರೆ ಸಂಗತಿ ಎಲ್ಲರಿಗೂ ಗೊತ್ತಿತ್ತು. ಲಗ್ನವಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ, ಆಕೆಯ ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತಾಡುತ್ತಿದ್ದಳು. ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಮಾಡಿಕೊಳ್ಳಬಾರದೆಂದು ಸರಕಾರ ಕಾಯ್ದೆ ಮಾಡಿತ್ತಂತೆ. ಹಳ್ಳಿಯಲ್ಲಿ ಅದನ್ನು ಕೇಳುವವರು ಯಾರು? ಕಡೆಗೆ ಹಿರಿಯರು ನಡುವೆ ಬಂದು ಒಂದು ಮಾತು ಕೂಡಿಸಿದರು. ಕಾರಹುಣ್ಣಿಮೆಯಾದ ಮೇಲೆ ಗಂಡನ ಮನೆಯವರೇ ಬಂದು ಅಕ್ಕನನ್ನು ಕರೆದೊಯ್ಯಬೇಕು, ಎರಡನೇ ಲಗ್ನದ ಮಾತು ಅಲ್ಲಿಗೆ ಬಿಡಬೇಕು. ಅಲ್ಲಿಯ ತನಕ ನಾವು ಸುಮ್ಮನೆ ಕಾಯಬೇಕು.

“ಅವ್ರು ಕರಿಯಾಕ ಬರೂತನಕ ಹುಡುಗಿನ್ನ ಕಳಸಬ್ಯಾಡ್ರಿ” ಎಂದು ಅವ್ವ ಅಪ್ಪನಿಗೆ ಮೇಲಿಂದ ಮೇಲೆ ಹೇಳುತ್ತಿದ್ದಳು. “ಕರೀದ ಹೋದ ಹೆಣ್ಣಿಗೆ ಆ ಮನ್ಯಾಗ ಮಲಗಾಕ ಚಾಪಿ ಸುದ್ದಾ ಸಿಗಂಗಿಲ್ಲ.”

ನಮ್ಮ ಕಡೆ ಅದು ಹಾಗೆಯೇ. ಕರೆಯಲು ಬಂದರೆ ಸೊಸೆ, ತಾನಾಗಿ ಹೋದರೆ ಬಿದ್ದುಕೊಂಡವಳು.

ಅಕ್ಕ ಅಳುತ್ತ ಕೂಡುವ ಜಾತಿಯವಳಲ್ಲ. ಬಂದ ವಾರದೊಳಗೆ ಓಣಿಯ ಹುಡುಗರನ್ನೆಲ್ಲ ನಮ್ಮ ಮನೆಗೆ ಸೇರಿಸಿಕೊಂಡಳು. ಸಾಲೆಗೆ ಸೂಟಿ, ಹೊರಗೆ ಬೆಂಕಿಯಂಥ ಬಿಸಿಲು, ಮಗ್ಗದ ಮನೆಗಳಲ್ಲಿ ಮಕ್ಕಳನ್ನು ಆಡಿಸಲು ಯಾರಿಗೂ ಬಿಡುವಿಲ್ಲ. ಅಕ್ಕ ಅವರಿಗೆ ಜೋಳದ ದಂಟು ಸುಲಿದು ಬಂಡಿ ಮಾಡುವುದನ್ನು ಕಲಿಸಿದಳು. ದಂಟಿನ ಸಿಪ್ಪೆ ಬಗ್ಗಿಸಿ ಕನ್ನಡಕ ಮಾಡಿಕೊಟ್ಟಳು. ಹುಡುಗರೆಲ್ಲ ಅದನ್ನು ಮೂಗಿಗೇರಿಸಿಕೊಂಡು ಊರ ಲೆಕ್ಕ ಬರೆಯುವ ತಲಾಠಿಯ ಹಾಗೆ ಕೈ ಹಿಂದೆ ಕಟ್ಟಿ ಓಡಾಡುತ್ತಿದ್ದರು. ಬೆಳಿಗ್ಗೆ ಅವರ ಕೈಯಿಂದಲೇ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಸಂಡಿಗೆ ಇಡಿಸುತ್ತಿದ್ದಳು. ಒಬ್ಬನ ಸಂಡಿಗೆ ಕಾಗೆಯಷ್ಟು, ಇನ್ನೊಬ್ಬಳದು ಗುಬ್ಬಿಯಷ್ಟು. ಅವ್ವ ಬೈದರೆ ಅಕ್ಕ ನಗುತ್ತಿದ್ದಳು. “ಕರದ ಮ್ಯಾಲ ಎಲ್ಲಾ ಒಂದ ಬೇ” ಎನ್ನುತ್ತಿದ್ದಳು.

ಮಧ್ಯಾಹ್ನ ಚಿಗಳಿ. ಒಳಕಲ್ಲಿನ ಸುತ್ತ ಹುಡುಗರ ಗುಂಪು, ನಡುವೆ ಒನಕೆ ಹಿಡಿದ ಅಕ್ಕ.

“ಉಪ್ಪು ಬೀಳೂದಕ್ಕ ಮೊದಲ ನೆಕ್ಕಿದವ್ರಿಗೆ ಬರೇ ಕಡ್ಡಿ ಸಿಗ್ತೈತಿ ನೋಡ್ರಿ, ಚಿಗಳಿ ಇಲ್ಲ!”

“ನಾ ನೆಕ್ಕಿಲ್ರಿ ಅಕ್ಕಾರ, ಕೈ ಒರಸ್ಕೊಂಡೆ!” ಎಂದು ಒಬ್ಬ ಹುಡುಗ ಕೂಗಿದ.

“ಕೈ ಒರಸ್ಕೊಳ್ಳಾಕ ನಾಲಿಗಿನ ಸಿಕ್ತೇನಲೇ ನಿನಗ?”

ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೋಣೆಯೊಳಗೆ ಅಪ್ಪನ ಲಾಳಿಯ ಸದ್ದು ಒಂದು ಕ್ಷಣ ನಿಂತು ಮತ್ತೆ ಸುರುವಾಗುತ್ತಿತ್ತು. ಅವನೂ ನಗುತ್ತಿದ್ದನೋ, ಸಿಟ್ಟಾಗುತ್ತಿದ್ದನೋ… ಈಗ ಹೇಳಲಾರೆ.

ಎಲ್ಲಕ್ಕಿಂತ ಚೆಂದದ್ದು ದಂಟಿನ ಮಗ್ಗ. ನಾಲ್ಕು ದಂಟು ಕಟ್ಟಿ ಅಂಗೈಯಷ್ಟು ಚೌಕಟ್ಟು ಮಾಡಿ, ಅಪ್ಪ ಬಿಸಾಡಿದ ತುಂಡು ದಾರಗಳನ್ನು ಅದಕ್ಕೆ ಉದ್ದಕ್ಕೆ ಸುತ್ತಿ, ಬಿದಿರಿನ ಸೂಜಿಯಿಂದ ಅಡ್ಡ ದಾರ ಹಾಯಿಸಬೇಕು. ಎರಡು ಬೆರಳಗಲದ ಬಟ್ಟೆ ಬರುತ್ತಿತ್ತು. ಅದನ್ನು ಚಿಂದಿಯ ಗೊಂಬೆಗೆ ಸೀರೆಯಾಗಿ ಉಡಿಸಬೇಕು. ತುಂಡು ದಾರದಲ್ಲಿ ಬಿಳಿಯದೇ ಹೆಚ್ಚು. ಕೆಂಪು ಸಿಗುವುದು ಅಪರೂಪ. ಸಿಕ್ಕ ಒಂದು ಹಿಡಿ ಕೆಂಪು ದಾರವನ್ನು ಅಕ್ಕ ಎದುರುಮನೆಯ ಹುಡುಗಿಗೆ ಕೊಟ್ಟಳು. ಆ ಹುಡುಗಿಗೆ ತಾಯಿ ಇರಲಿಲ್ಲ.

“ನನಗ?” ಎಂದೆ.

“ನಿನಗ ಮುಂದಿನ ಹಾಸಿನಾಗ ಕೊಡ್ತೀನಿ. ನೀ ದೊಡ್ಡಾಕಿ ಅಲ್ಲೇನ?”

ದೊಡ್ಡವಳು! ನನಗೆ ಹತ್ತು ವರ್ಷ. ಅಕ್ಕ ನನ್ನವಳು, ಮನೆ ನನ್ನದು, ಮಗ್ಗ ನನ್ನ ಅಪ್ಪನದು. ನನ್ನ ಗೊಂಬೆ ಬಿಳಿ ಸೀರೆ ಉಟ್ಟು ಮುದುಕಿಯಂತೆ ಕುಳಿತಿತ್ತು, ಎದುರುಮನೆಯದು ಕೆಂಪು ಸೀರೆಯಲ್ಲಿ ಮದುವಣಗಿತ್ತಿ. ಆ ಉರಿ ನನ್ನ ಹೊಟ್ಟೆಯಲ್ಲಿ ಎರಡು ದಿನ ಇತ್ತು.

ಇಲ್ಲಿ ನೇಕಾರರ ಮನೆಯ ಒಂದು ಸಂಗತಿ ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಇರುವ ದಾರಗಳಿಗೆ ಹಾಸು ಅನ್ನುತ್ತೇವೆ. ಹಾಸು ಮುಗಿದು ಸೀರೆ ಕೊಯ್ದುಕೊಂಡಾಗ ಒಂದು ಮೊಳದಷ್ಟು ತುದಿ ಮಗ್ಗದಲ್ಲೇ ಉಳಿಯುತ್ತದೆ. ಹೊರಗಿನವರಿಗೆ ಅದು ಬಿಸಾಡುವ ದಾರದಂತೆ ಕಾಣುತ್ತದೆ. ಆದರೆ ಅದರ ಒಂದೊಂದು ಎಳೆಯೂ ದಾರದ ಕುಣಿಕೆಗಳೊಳಗಿಂದ, ಆಮೇಲೆ ಬಾಚಣಿಕೆಯಂಥ ಹಣಿಗೆಯ ಹಲ್ಲುಗಳೊಳಗಿಂದ ಹಾಯ್ದಿರುತ್ತದೆ. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಗೆ ಹೊಸ ಎಳೆ ಹೊಸೆದು ಕೆಚ್ಚಿ ಎಳೆದುಕೊಂಡರಾಯಿತು. ಆ ತುದಿ ಹೋಯಿತೆಂದರೆ ಸಾವಿರಗಟ್ಟಲೆ ಎಳೆಗಳನ್ನು ಮತ್ತೆ ಮೊದಲಿನಿಂದ ತುಂಬಬೇಕು. ನಮ್ಮ ಓಣಿಯಲ್ಲಿ ಕೂಸುಗಳಿಗೆ ಬೆಂಕಿ ಮುಟ್ಟಬೇಡವೆಂದು ಕಲಿಸುವ ಮೊದಲು ಹಾಸಿನ ತುದಿ ಮುಟ್ಟಬೇಡವೆಂದು ಕಲಿಸುತ್ತಿದ್ದರು. ನನಗೆ ಗೊತ್ತಿರಲಿಲ್ಲವೆಂದು ಸುಳ್ಳು ಹೇಳಲಾರೆ. ಚೆನ್ನಾಗಿ ಗೊತ್ತಿತ್ತು.

ಅಂದು ಅಪ್ಪ ನೇಯ್ದ ಸೀರೆ ಕೊಟ್ಟು ಹೊಸ ಹಾಸು ತರಲು ರಬಕವಿಗೆ ಸಾವಕಾರನ ಹತ್ತಿರ ಹೋಗಿದ್ದ. ಲಗ್ನದ ಸೀರೆಗಳ ಅವಸರ. ಅವ್ವ ಬಾವಿಗೆ ಹೋಗಿದ್ದಳು. ಅಕ್ಕ ಹುಡುಗರನ್ನು ಕಟ್ಟಿಕೊಂಡು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ನಾನು ಮಗ್ಗದ ತೆಗ್ಗಿಗೆ ಇಳಿದೆ. ದಡಿಯ ಬದಿಯಲ್ಲಿ ಒಂದು ಚೂರು ಕೊಯ್ದರೆ ಯಾರಿಗೆ ತಿಳಿಯುತ್ತದೆ ಅಂದುಕೊಂಡು ಕತ್ತರಿ ಹಾಕಿದೆ.

ತುದಿಯ ಎಳೆಗಳನ್ನು ಗುಂಪು ಗುಂಪಾಗಿ ಗಂಟು ಹಾಕಿ ಒಂದು ಕೋಲಿಗೆ ಬಿಗಿದಿರುತ್ತಾರೆ. ನಾನು ಕೊಯ್ದದ್ದು ಆ ಗಂಟನ್ನೇ. ಕೆಂಪು ದಾರ ಕೈಗೆ ಬಂತು, ಕೋಲು ಸಡಿಲಾಗಿ ಒಂದು ಕಡೆ ವಾಲಿತು. ಗಾಬರಿಯಾಗಿ ಕೋಲನ್ನು ಎಳೆದೆ. ಎಳೆಗಳು ಸರಸರನೆ ಹಣಿಗೆಯಿಂದ ಜಾರಿಕೊಂಡವು. ಜೋಡಿಸಲು ಹೋದಷ್ಟೂ ಇನ್ನಷ್ಟು ಜಾರಿದವು, ಸಿಕ್ಕಾದವು. ಮೇಲೆ ಮಾಳಿಗೆಯಲ್ಲಿ ಹುಡುಗರು ಹಾಡುತ್ತಿದ್ದರು. ನಾನು ಕೆಂಪು ದಾರವನ್ನು ಪರಕಾರದ ನೆರಿಗೆಯಲ್ಲಿ ಸಿಗಿಸಿಕೊಂಡು ರಾಟಿಯ ಮುಂದೆ ಬಂದು ಕುಳಿತೆ.

ಅಪ್ಪ ಹೊಸ ಹಾಸನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಅದನ್ನು ಇಳಿಸಲು ಕೋಣೆಯೊಳಗೆ ಹೋದ. ಆಮೇಲೆ ಅವನ ಕೂಗಿಗೆ ಮಾಳಿಗೆಯ ಹಾಡು ನಿಂತುಹೋಯಿತು.

“ಯಾರ ಕೈ ಇದು?”

ಹುಡುಗರು ದಡದಡನೆ ಮೆಟ್ಟಿಲಿಳಿದು ಓಡಿಹೋದರು. ಅಕ್ಕ ಕೈತುಂಬ ಹಿಟ್ಟು ಮೆತ್ತಿಕೊಂಡು ಬಂದು ಮಗ್ಗ ನೋಡಿದಳು. ಆಕೆಯ ಮುಖ ಸುಣ್ಣದಂತಾಯಿತು.

“ಹುಡುಗೂರೆಲ್ಲಾ ನನ್ನ ಕೂಡ ಮ್ಯಾಲಿದ್ರಪ್ಪಾ. ಒಬ್ರೂ ಕೆಳಗಿಳದಿಲ್ಲ.”

“ಹಂಗಂದ್ರ ದೆವ್ವ ಬಂದು ಕೊಯ್ತೇನು? ದಂಟಿನ ಮಗ್ಗ, ಗೊಂಬಿ ಸೀರಿ… ಮನೀನ ಜಾತ್ರಿ ಮಾಡಿಟ್ಟಿ! ಕೆಂಪ ದಾರ ಯಾರಿಗೆ ಬೇಕಾಗಿತ್ತು, ನನಗ? ಮುಂಜಾನಿ ಕಸಾ ಹೊಡಿಯಾಕ ಒಳಗ ಹೋದಾಕಿ ನೀನ.”

“ನಾ ಕೈ ಹಚ್ಚಿಲ್ಲ. ದೇವರಾಣಿ, ಕೈ ಹಚ್ಚಿಲ್ಲ.”

ಅಕ್ಕ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಂಶಯ ಇರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುವುದು. ಮುಳುಗುವವರು ದಂಡೆಯಲ್ಲಿ ನಿಂತವರ ಕಡೆ ನೋಡುವ ಹಾಗೆ ನೋಡಿದಳು.

“ನೀ ಕೆಳಗ ಇದ್ದೆಲ್ಲ ಬೇ. ಯಾರರ ಒಳಗ ಬಂದಿದ್ರೇನ? ಅಪ್ಪಗ ಹೇಳು.”

ಪರಕಾರದ ನೆರಿಗೆಯಲ್ಲಿ ದಾರ ಚುಚ್ಚುತ್ತಿತ್ತು.

“ನಾ ನೋಡಿಲ್ಲ” ಎಂದೆ.

ಅಪ್ಪ ನನ್ನ ಮೇಲೆ ಒಂದು ಕ್ಷಣವೂ ಅನುಮಾನಪಡಲಿಲ್ಲ. ನಾನು ಅಂಜುಬುರುಕಿ, ಅವನ ಮುದ್ದಿನವಳು. ಅಕ್ಕನಿಗೆ ಮಾತು ಮುಂದೆ. ಜೋರು ಬಾಯಿಯವಳ ಮಾತನ್ನು ನಂಬುವವರು ಕಡಿಮೆ.

“ಇದನ್ನ ಮೊದಲ ತುಂಬಿ ಕೊಡು” ಎಂದ ಅಪ್ಪ, “ಆಮ್ಯಾಲ ನಿನ್ನ ಮನಿಗೆ ನಡಿ. ಅವ್ರು ಕರಿಯೂತನಕ ಇಟ್ಕೊಂಡ ಕುಂದ್ರಾಕ ನನ್ನ ಕಡೆ ತ್ರಾಣ ಇಲ್ಲ.”

ಅವ್ವ ಬಾವಿಯಿಂದ ಬಂದವಳು ಕೊಡ ಇಳಿಸದೆ ಹೊಸ್ತಿಲಲ್ಲೇ ನಿಂತಿದ್ದಳು. “ಕಾರಹುಣ್ಣಿವಿ ತನಕರ ತಡೀರಿ” ಎಂದಳು. ಅಪ್ಪ ಅವಳನ್ನು ದಾಟಿಕೊಂಡು ಹೊರಗೆ ನಡೆದ.

ಎಳೆ ತುಂಬುವ ಕೆಲಸಕ್ಕೆ ಇಬ್ಬರು ಬೇಕು. ಹಣಿಗೆಯ ಆ ಕಡೆ ಕುಳಿತವರು ಒಂದೊಂದೇ ಎಳೆ ಆರಿಸಿ ಕೊಡಬೇಕು, ಈ ಕಡೆಯವರು ಕೊಕ್ಕೆಯಿಂದ ಎಳೆದುಕೊಳ್ಳಬೇಕು. ಅಪ್ಪನಿಗೆ ಸಣ್ಣ ಎಳೆ ಸರಿಯಾಗಿ ಕಾಣುತ್ತಿರಲಿಲ್ಲ. ಅಕ್ಕನ ಕೈ ಓಣಿಗೇ ಹೆಸರಾದದ್ದು. ಕೊಡಲು ಕುಳಿತವಳು ನಾನು. ಬೆಳಗಾದರೆ ಕುಳಿತು ಹೊತ್ತು ಮುಳುಗುವ ತನಕ, ಮೂರು ದಿನವೋ ನಾಲ್ಕು ದಿನವೋ, ಅಕ್ಕನ ಮುಖ ಎಳೆಗಳ ಆಚೆ, ಗೇಣು ದೂರದಲ್ಲಿ.

“ಮುಂದಿಂದು” ಎನ್ನುತ್ತಿದ್ದಳು. ಕೊಡುತ್ತಿದ್ದೆ. “ಹೂಂ. ಮುಂದಿಂದು.”

ಪ್ರತಿ ಎಳೆಗೂ ಈಗ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಈ ಎಳೆ ಹೋಗಲಿ, ಮುಂದಿನದಕ್ಕೆ. ಅದು ಹೋಗಲಿ, ಅದರ ಮುಂದಿನದಕ್ಕೆ. ಹೀಗೆ ಸಾವಿರ ಎಳೆ ಕೊಟ್ಟೆ, ಒಂದು ಮಾತು ಕೊಡಲಿಲ್ಲ. ನಡುವೆ ಒಮ್ಮೆ ಆಕೆಯೇ ಕೊಕ್ಕೆ ನಿಲ್ಲಿಸಿದಳು.

“ಯಾಕ ಬೇ, ಎಳಿ ತಪ್ಪಸಾಕತ್ತಿ?”

“ಸೆಕಿಗೆ.”

“ನೀರ ಕುಡದ ಬಾ, ಹೋಗು.”

ನಾನು ಎದ್ದು ಹೋದೆ. ನೀರು ಕುಡಿದು ಬಂದೆ. ಅಷ್ಟೇ ಮಾಡಿದೆ. ಹೋದ ಹಾದಿಯಲ್ಲಿ ಆ ಕೆಂಪು ದಾರವನ್ನು ಒಲೆಗೆ ಹಾಕಿದೆ.

ಎಳೆ ತುಂಬಿದ ಮರುದಿನ ಬೆಳಿಗ್ಗೆ ಅಪ್ಪ ಅಕ್ಕನನ್ನು ಕರೆದುಕೊಂಡು ಹೊರಟ. ಮುಧೋಳದ ತನಕ ಮೋಟಾರು, ಅಲ್ಲಿಂದ ಮುಂದೆ ಸಿಕ್ಕ ಬಂಡಿ. ಹೊರಡುವಾಗ ಅಕ್ಕ ನನ್ನ ಗಲ್ಲ ಹಿಂಡಿ, “ಮಾಳಿಗಿ ಮ್ಯಾಲ ಇವತ್ತ ನಸಿಕಿನ್ಯಾಗ ಇಟ್ಟ ಸಂಡಿಗಿ ಅದಾವು, ಹುಡುಗೂರ ಕಡಿಂದ ತಿರವಿ ಹಾಕಸು. ಚಿಗಳಿಗೆ ನೀರ ಮುಟ್ಟಸಬ್ಯಾಡ, ಮರತಗಿರತಿ” ಎಂದಳು. ಹೋಗುವಾಗಲೂ ಆಕೆಗೆ ಹುಡುಗರ ಚಿಂತೆ. ನಾನು ತಲೆಯಾಡಿಸಿದೆ.

ಮಧ್ಯಾಹ್ನ ಹುಡುಗರು ಬಂದು ಬಾಗಿಲಲ್ಲಿ ಇಣುಕಿದರು. “ಅಕ್ಕಾರ ಎಲ್ಲಿ?” ಎಂದರು. ನಾನೇ ಚಿಗಳಿ ಮಾಡಿಕೊಡುತ್ತೇನೆಂದು ಒಳಕಲ್ಲಿನ ಮುಂದೆ ಕುಳಿತೆ. ಹುಣಸೆಹಣ್ಣು ಒಣಗಿತ್ತು, ಕುಟ್ಟಲು ಬರಲಿಲ್ಲ, ಸಿಟ್ಟಿಗೆದ್ದು ನೀರು ಸುರಿದೆ. ಅದು ಸಾರಾಯಿತು. ಕಡ್ಡಿಗೆ ಮೆತ್ತಿದರೆ ಮೊಣಕೈ ತನಕ ಇಳಿಯಿತು. ಎದುರುಮನೆಯ ಹುಡುಗಿ ತನ್ನ ಕೆಂಪು ಸೀರೆಯ ಗೊಂಬೆಯನ್ನು ಎದೆಗವಚಿಕೊಂಡು ನೋಡುತ್ತಿದ್ದವಳು, “ನಿನಗ ಬರಂಗಿಲ್ಲ” ಎಂದು ಎದ್ದು ಹೋದಳು. ಹಿಂದೆಯೇ ಎಲ್ಲರೂ ಹೋದರು. ಸಂಡಿಗೆ ತಿರುವಿ ಹಾಕಿಸಲು ಯಾರೂ ಉಳಿಯಲಿಲ್ಲ. ಒಂದು ಮಗ್ಗುಲು ಹಸಿ ಉಳಿದು ಬೂಸಲು ಬಂದು ಅವ್ವ ಅವನ್ನು ದನಕ್ಕೆ ಹಾಕಿದಳು.

ಗಲಗಲಿಯಲ್ಲಿ ಅಕ್ಕನ ಅತ್ತೆಗೆ ಬೇಕಾದದ್ದೇ ಆಯಿತು. “ನಾವು ಕರಿಯಾಕ ಬಂದಿಲ್ಲ. ತಾವ ತಂದು ಬಿಟ್ಟಾರ. ಹಿರ್ಯಾರ ಮಾತು ನಮ್ಮಿಂದ ಮುರದಿಲ್ಲ” ಎಂದುಬಿಟ್ಟಳಂತೆ. ಯಾಕೆ ಬಿಟ್ಟರೆಂಬುದು ಅಪ್ಪನ ಬಾಯಿಂದಲೇ ಹೊರಬಿತ್ತು. ‘ತವರಿನ ಮಗ್ಗಕ್ಕ ಕತ್ತರಿ ಹಾಕಿ ಬಂದಾಕಿ’ ಎಂಬ ಹೆಸರು ಆ ಮನೆಯಲ್ಲಿ ಅಕ್ಕನಿಗೆ ಅಂಟಿತು. ದೀಪಾವಳಿಯ ಹೊತ್ತಿಗೆ ಎರಡನೆಯವಳು ಮನೆ ತುಂಬಿದಳು. ಅವಳಿಗೆ ಮಕ್ಕಳಾದವು. ಅವನ್ನು ಎತ್ತಿ ಆಡಿಸಿದವಳು ಅಕ್ಕ. ಆದರೆ ತೊಟ್ಟಿಲ ಶಾಸ್ತ್ರದ ದಿನ ಮಾತ್ರ ಆಕೆಯನ್ನು ಹಿತ್ತಿಲಿಗೆ ಕಳಿಸುತ್ತಿದ್ದರಂತೆ. ಕತ್ತರಿ ಹಾಕಿದ ಕೈ, ಶುಭಕ್ಕೆ ಬೇಡ…

ಆಮೇಲೆ ಎಷ್ಟು ಸಲ ಹೇಳಲು ಹೊರಟೆ! ಪಂಚಮಿಗೆ ಬಂದಾಗ ಜೋಕಾಲಿಯಲ್ಲಿ ಎದುರುಬದುರು ನಿಂತಿದ್ದೆವು. ಬಾಯಿ ತೆಗೆಯುವಷ್ಟರಲ್ಲಿ ಗೆಳತಿಯೊಬ್ಬಳು ಹಗ್ಗ ಹಿಡಿದು ಸರದಿ ಕೇಳಿದಳು. ನನ್ನ ಲಗ್ನದಲ್ಲಿ ದೂರ ನಿಂತಿದ್ದ ಆಕೆಯನ್ನು ಅವ್ವ ಕೈಹಿಡಿದು ತಂದು ಅರಿಷಿಣ ಹಚ್ಚಿಸಿದಳು. ಈಗ ಹೇಳಿದರೆ ಬೀಗರ ಮುಂದೆ ನನ್ನ ಮಾನ ಹೋಗುತ್ತದೆಂದು ನುಂಗಿದೆ. ನೆವಗಳಿಗೆ ಬರವೇ ಇರಲಿಲ್ಲ. ಅಪ್ಪ ಹಾಸಿಗೆ ಹಿಡಿದಾಗ ಒಂದು ದಿನ ನನ್ನನ್ನೇ ಕರೆದು, “ದೊಡ್ಡಾಕಿನ್ನ ನಾನ ಒಯ್ದು ಬಿಟ್ಟ ಬಂದೆ. ತಪ್ಪ ಮಾಡಿದ್ನೇನ ಯವ್ವಾ?” ಎಂದು ಕೇಳಿದ. ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು? “ಈಗ ಯಾಕ ಅದೆಲ್ಲಾ, ಸುಮ್ನ ಮಲಗಪ್ಪಾ” ಎಂದು ಹೊದಿಕೆ ಎಳೆದೆ. ನನ್ನ ತಪ್ಪನ್ನು ಅವನು ತನ್ನದೆಂದು ತಿಳಿದೇ ಹೋದ.

ಈಗ ಅಕ್ಕನೂ ಇಲ್ಲ. ಆಕೆ ಹೋದದ್ದು ಈ ಚಳಿಗಾಲದಲ್ಲಿ. ಓಣಿಯಲ್ಲಿ ಕೈಮಗ್ಗಗಳೂ ಇಲ್ಲ. ಕರೆಂಟಿನ ಮಗ್ಗಗಳ ಗದ್ದಲದಲ್ಲಿ ನಮ್ಮ ಮೊಮ್ಮಕ್ಕಳು ಒಬ್ಬರಿಗೊಬ್ಬರು ಕೂಗಿಯೇ ಮಾತಾಡುತ್ತಾರೆ. ಬೇಸಿಗೆ ಬಂದರೆ ನನಗೆ ಈಗಲೂ ಮಾಳಿಗೆಯ ಕಡೆ ಕಿವಿ. ಆ ಹಾಡು ಯಾವುದಿತ್ತೋ, ಎಷ್ಟು ಹುಡುಕಿದರೂ ಒಂದು ಸಾಲು ನೆನಪಾಗುವುದಿಲ್ಲ… ಕೇಳೋಣವೆಂದರೆ ಹೇಳುವವಳೇ ಇಲ್ಲ.

ಹೋದ ವರ್ಷ ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಗಲಗಲಿಗೆ ಹೋಗಿದ್ದೆ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಕ್ಕ ಪಡಸಾಲೆಯಲ್ಲಿ ಹೊಳೆಮಣ್ಣು ರಾಶಿ ಹಾಕಿಕೊಂಡು, ಎರಡನೆಯವಳ ಮೊಮ್ಮಕ್ಕಳಿಗೆ ಎತ್ತು ಮಾಡುವುದನ್ನು ಕಲಿಸುತ್ತಿದ್ದಳು. “ಇದು ಎತ್ತೋ ಕತ್ತೆಯೋ? ಕಿವಿ ಸಣ್ಣು ಮಾಡಲೇ” ಎಂದು ಒಬ್ಬನ ತಲೆಗೆ ಮೊಟಕಿದಳು. ಎರಡನೆಯವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ದೊಡ್ಡ ಮಗ ಬಾಗಿಲ ಹತ್ತಿರ ಕುಳಿತಿದ್ದ. ನಾನು ಅಕ್ಕನ ಪಕ್ಕಕ್ಕೆ ಕುಳಿತು, ಎಷ್ಟೋ ವರ್ಷ ಮುಚ್ಚಿಟ್ಟುಕೊಂಡಿದ್ದನ್ನು ಕಡೆಗೂ ಹೇಳಿದೆ. ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದೆ.

ಅಕ್ಕ ಮಣ್ಣು ನಾದುತ್ತಲೇ ಇದ್ದಳು.

“ಏನಂದಿ?”

ಮತ್ತೆ ಹೇಳಿದೆ.

“ಕಿವಿ ಕೇಳಂಗಿಲ್ಲ ಬೇ ನನಗ, ಎರಡ ವರ್ಷ ಆತು. ಜೋರ ಹೇಳು.”

ಇಷ್ಟು ವರ್ಷ ಕಾದು ಬಂದು, ಕೇಳಿಸದ ಕಿವಿಗೆ ಹೇಳಿದ್ದೆ! ಮಣ್ಣಿನ ರಾಶಿಯನ್ನು ಒದ್ದು ಎದ್ದುಹೋಗಬೇಕೆನ್ನುವಷ್ಟು ಸಿಟ್ಟು ಬಂತು. ಸಿಟ್ಟು ಯಾರ ಮೇಲೆ? ಬಾಗಿಲ ಬಳಿಯ ಮಗ ಈ ಕಡೆ ನೋಡಿದ. ಒಲೆಯ ಮುಂದೆ ರೊಟ್ಟಿಯ ಸಪ್ಪಳ ನಿಂತಿತು. ಮೆಲ್ಲಗೆ ಹೇಳಿ ಪಾರಾಗುವ ದಾರಿ ಇನ್ನು ಇರಲಿಲ್ಲ. ಅಕ್ಕನ ಮಣ್ಣಿನ ಕೈ ಹಿಡಿದುಕೊಂಡೆ. ಮನೆಯೆಲ್ಲ ಕೇಳುವ ಹಾಗೆ, ಬೀದಿಗೂ ಕೇಳುವ ಹಾಗೆ ಕೂಗಿದೆ:

“ಅಕ್ಕಾ! ಅಪ್ಪನ ಮಗ್ಗಕ್ಕ ಕತ್ತರಿ ಹಾಕಿದಾಕಿ ನಾನ! ನೀ ಅಲ್ಲ! ನೋಡಿಲ್ಲ ಅಂತ ಸುಳ್ಳ ಹೇಳಿದೆ. ನೀ ಕರೀದ ಇಲ್ಲಿಗೆ ಬರೂಹಂಗ ಮಾಡಿದಾಕಿ ನಾನ. ತಪ್ಪಾತು ಅಕ್ಕಾ, ನಂದು ತಪ್ಪಾತು!”